ಕೊಡುವವರ ದರ

ಗದಗಿನ ಮನೆಯೊಂದರಲ್ಲಿ ನಲ್ಲಿ ತಿರುಗಿತು. ನೀರು ಅನ್ನದ ಪಾತ್ರೆಗೆ ಬಿತ್ತು. ಗೋಡೆಯ ಮೀಟರ್ ಲೀಟರಿಗೆ ಒಂದು ಪೈಸೆ ಎಂದು ತೋರಿಸಿತು. ಅದೇ ನಲ್ಲಿಗೆ ಮನೆಯ ಯಜಮಾನ ಪೈಪು ಸಿಕ್ಕಿಸಿ ಕಾರು ತೊಳೆಯಲು ಹೊರಟದ್ದೇ ತಡ, ದರ ಎರಡು ರೂಪಾಯಿಗೆ ಜಿಗಿಯಿತು. ಯಜಮಾನ ಪೈಪು ಸುತ್ತಿಟ್ಟು ಒದ್ದೆ ಬಟ್ಟೆ ಹುಡುಕಿದ.

ಇದು ೨೦೬೧ರ ಮಾತು. ನೀರು ಹರಿಯುವಾಗ ಕೊಳವೆ ಕಣ್ಣಿಗೆ ಕಾಣದಷ್ಟು ನಡುಗುತ್ತದೆ. ಪಾತ್ರೆಗೆ ಬೀಳುವ ನೀರಿನ ನಡುಕ ಬೇರೆ, ಕಾರಿಗೆ ಬೀಳುವುದರದು ಬೇರೆ. ವಿದ್ಯುತ್ತಿನದೂ ಹಾಗೆಯೇ, ಫ್ಯಾನಿನ ಎಳೆತಕ್ಕೂ ಏಸಿಯ ಎಳೆತಕ್ಕೂ ಅಜಗಜಾಂತರ. ಈ ಗುರುತು ಹಿಡಿದು ಅಗತ್ಯಕ್ಕೆ ಅಗ್ಗ, ಶೋಕಿಗೆ ದುಬಾರಿ ಎಂದು ದರ ಕಟ್ಟುವ ಮೀಟರನ್ನು ಕಂಡುಹಿಡಿದವಳು ಶಾಂಭವಿ ಹೊಂಬಳ. ಸರ್ಕಾರದ ದರ ಆಯೋಗ ಅದನ್ನು ಊರೂರಿಗೂ ಹಾಕಿಸಿತ್ತು. ಅದು ಕಟ್ಟಿದ ದರವನ್ನು ಯಾರೂ ಕೈಯಿಂದ ತಿದ್ದುತ್ತಿರಲಿಲ್ಲ. ಮಂತ್ರಿಯ ಅಳಿಯನಿಗೂ ಹಮಾಲನಿಗೂ ಒಂದೇ ನ್ಯಾಯ ಎಂಬ ಹೆಮ್ಮೆ ಶಾಂಭವಿಗೆ ಸ್ವಲ್ಪ ಹೆಚ್ಚೇ ಇತ್ತು.

ಆ ಮಾರ್ಚಿನಲ್ಲಿ ಆಯೋಗ ಗದಗಿನಲ್ಲಿ ಗ್ರಾಹಕರ ಅಹವಾಲು ಕೇಳಲು ಕೂತಾಗ ಫಕೀರವ್ವ ಎದ್ದು ನಿಂತಳು. ಬಸ್ ನಿಲ್ದಾಣದ ಹತ್ತಿರದ ತನ್ನ ಮನೆಯ ಮುಂದೆ, ಬೇವಿನ ಮರದ ಕೆಳಗೆ, ಪ್ರತಿ ಬೇಸಗೆ ಅರವಟ್ಟಿಗೆ ಇಟ್ಟು ದಾರಿಹೋಕರಿಗೆ ಮಣ್ಣಿನ ಹರವಿಯಿಂದ ನೀರು ಕೊಡುವ ಮುದುಕಿ. ಮೀಟರ್ ಅವಳನ್ನು ನೀರಿನ ವ್ಯಾಪಾರಿ ಎಂದು ಬಗೆದು ಅಂಗಡಿ ದರ ಹಾಕಿತ್ತು. ಅದೇ ಮುಂದುವರಿದರೆ ಅರವಟ್ಟಿಗೆ ಮುಚ್ಚುವುದೇ ಗತಿ.

"ಮನ್ಯಾಗ ಇರೋರು ನೀವೊಬ್ಬರ. ದಿನಕ್ಕ ಮುನ್ನೂರು ಲೀಟರ್ ಕುಡಿಯೋ ನೀರು ಹೋಗೇತಿ ಅಂತ ಮೀಟರ್ ಹೇಳತೈತಲ್ಲ, ಅಮ್ಮಾ?" ಆಯೋಗದವರ ಪಕ್ಕದಲ್ಲಿ ಕೂತಿದ್ದ ಶಾಂಭವಿ ಕೇಳಿದಳು.

"ಖರೇನ ಹೇಳೇತಿ, ತಂಗಿ. ಮಂದಿ ಕುಡದಾರ."

"ಎಷ್ಟು ಮಂದಿ? ಲೆಕ್ಕ ಇಟ್ಟೀರೇನ್ರಿ?"

"ಬಾಯಾರಿ ಬಂದವರನ್ನ ಎಣಿಸಬಾರದವ್ವ. ನಮ್ಮತ್ತಿ ಹಂಗ ಹೇಳಿಕೊಟ್ಟಾಳ."

"ಮಾರಿಲ್ಲ ಅನ್ನೂದಕ್ಕ ಏನರ ಗುರುತು?"

"ಮಾರಿದ್ರ ನಾ ಇಲ್ಲಿಗ್ಯಾಕ ಬರತಿದ್ದೆ? ಮೀಟರ್ ಏರಿದ್ಹಂಗ ನನ್ನ ರೇಟೂ ಏರಸತಿದ್ದೆ."

ಸಭೆಯಲ್ಲಿ ಯಾರೋ ನಕ್ಕರು. ಶಾಂಭವಿಗೆ ನಾಚಿಕೆಯಾಯಿತು.

ಊಟದ ಹೊತ್ತಿಗೆ ಆಯೋಗದ ಅಧ್ಯಕ್ಷರು ಅವಳನ್ನು ಕರೆದು, "ಒಬ್ಬ ಅಜ್ಜಿಯ ದರ ತಾನೇ, ನೀವೇ ಕೈಯಿಂದ ಇಳಿಸಿಬಿಡಿ" ಎಂದರು. ಅವಳು ಒಪ್ಪಲಿಲ್ಲ. ಇಂದು ಫಕೀರವ್ವನಿಗೆ ತೆರೆದ ಬಾಗಿಲಲ್ಲಿ ನಾಳೆ ಈಜುಕೊಳದವರು ನುಗ್ಗುತ್ತಾರೆ. "ಮೀಟರಿಗೇ ಕಲಸತೀನಿ, ಸರ್" ಎಂದಳು.

ಕಲಿಸುವುದು ಹೇಳಿದಷ್ಟು ಸುಲಭವಿರಲಿಲ್ಲ. ಮಾರುವವನ ಕೊಡಕ್ಕೂ ಕೊಡುವವಳ ಹರವಿಗೂ ಬೀಳುವ ನೀರಿನ ನಡುಕ ಒಂದೇ. ವಾರಗಳು ಉರುಳಿದವು, ಫಕೀರವ್ವ ಹರವಿಗಳನ್ನು ಬೋರಲು ಹಾಕಿದಳು. ತಪ್ಪು ಹುಡುಕುತ್ತ ಶಾಂಭವಿ ಮೀಟರಿನ ಮೊದಲ ಪಾಠಗಳಿಗೆ ಹೋದಳು. ಬಳಕೆದಾರರೆಂದರೆ ಯಾರು ಎಂದು ಯಂತ್ರಕ್ಕೆ ಕಲಿಸಲು ಅವಳೇ ಹಳೆಯ ದರಪಟ್ಟಿಯೊಂದನ್ನು ಉಣಿಸಿದ್ದಳು. ಅದರಲ್ಲಿ ಮನೆ, ಅಂಗಡಿ, ಕಾರ್ಖಾನೆ, ಪಂಪ್‌ಸೆಟ್ಟು ಎಲ್ಲ ಇದ್ದವು. ಮದುವೆ ಮಂಟಪಕ್ಕೂ ಒಂದು ಸಾಲಿತ್ತು. ಸುಮ್ಮನೆ ಕೊಡುವವರು ಮಾತ್ರ ಎಲ್ಲೂ ಇರಲಿಲ್ಲ.

ಅವಳ ವರದಿಯ ಮೇಲೆ ಆಯೋಗ ಹೊಸ ವರ್ಗವನ್ನೇ ಮಾಡಿತು: ಅರವಟ್ಟಿಗೆ, ದರ ಸೊನ್ನೆ. ನೆರೆಹೊರೆಯ ಹತ್ತು ಮಂದಿ ಸಹಿ ಹಾಕಿದ ಅರ್ಜಿ ಸಾಕು, ನಡುಕದಿಂದ ತಿಳಿಯದ್ದನ್ನು ಮೀಟರ್ ಅದರಿಂದ ತಿಳಿಯುತ್ತಿತ್ತು. ಕಳ್ಳ ಅರ್ಜಿಗಳು ರಾಶಿ ಬಿದ್ದಾವೆಂದು ಹೆದರಿ ಶಾಂಭವಿ ತಪಾಸಣೆಗೆ ಆರು ಜನರನ್ನು ಇಟ್ಟುಕೊಂಡಳು.

ತಿಂಗಳು ಕಳೆಯಿತು. ಇಡೀ ಜಿಲ್ಲೆಯಿಂದ ಬಂದದ್ದು ಒಂದೇ ಅರ್ಜಿ, ಫಕೀರವ್ವನದು. ಹತ್ತರ ಜಾಗದಲ್ಲಿ ಇಪ್ಪತ್ತಾರು ಸಹಿಗಳಿದ್ದವು.

"ಒಬ್ಬರಿಗಾಗಿ ಒಂದು ವರ್ಗ ಇಟ್ಟುಕೊಳ್ಳಬೇಕೇ? ತೆಗೆದುಬಿಡೋಣ" ಎಂದರು ಅಧ್ಯಕ್ಷರು.

ಶಾಂಭವಿ ಆ ಹಳೆಯ ದರಪಟ್ಟಿಯನ್ನು ಅವರ ಮುಂದಿಟ್ಟಳು. "ಇದನ್ನ ಬರೆದಾಗ ಓಣಿಗೊಂದು ಅರವಟ್ಟಿಗಿ ಇದ್ದವು, ಸರ್. ಸುಮ್ಮನ ಕೊಡೋರು ಅದಾರೇನು ಅಂತ ಆಗ ಯಾರೂ ಕೇಳಲಿಲ್ಲ. ನಾವು ಕೇಳೂ ಹೊತ್ತಿಗೆ ಒಬ್ಬಾಕಿ ಉಳದಾಳ."

ಅಧ್ಯಕ್ಷರು ಪಟ್ಟಿಯ ಮೇಲಿದ್ದ ಇಸವಿ ನೋಡಿದರು: ೨೦೨೬. ಆಗ ಅವರಿಗೆ ಇಪ್ಪತ್ತು ವರ್ಷ; ಅಂಥ ಎಷ್ಟೋ ಹರವಿಗಳ ನೀರು ಕುಡಿದು, ಕೊಟ್ಟವರ ಮುಖ ನೋಡದೆ ಬಸ್ಸು ಹತ್ತಿದ್ದರು. ಅವರು ಪೆನ್ನು ತೆಗೆದು ಫಕೀರವ್ವನ ಅರ್ಜಿ ಮಂಜೂರು ಮಾಡಿ ಸಹಿ ಹಾಕಿದರು.