ಖಾಲಿ ತಿರುಗಿಸಿದ ಮೆಷಿನ್

"ಹೊಸ ವಾಷಿಂಗ್ ಮೆಷಿನ್ನು, ಮೊದಲ ಸಲ ಬಟ್ಟೆ ಹಾಕದೆ ಬಿಸಿನೀರಲ್ಲಿ ತಿರುಗಿಸ್ಬೇಕು ಅಂತ ಮೆಕ್ಯಾನಿಕ್ ಬಡ್ಕೊಂಡು ಹೋದ. ನಿನಗೇನು ಕಿವಿ ಇಲ್ವಾ?" ಎಂದು ಹೆಂಡತಿಯ ಮೇಲೆ ರೇಗಿದೆ.

"ನಾನೇನೂ ಹಾಕಿಲ್ಲ ರೀ. ನೀವೇ ತಾನೇ ತಲೆ ತೂರಿಸಿ ನೋಡಿ ಬಾಗಿಲು ಮುಚ್ಚಿದ್ದು?"

ಅದೂ ನಿಜವೇ. ಆದರೂ ಒಳಗೊಂದು ನೀಲಿ ಅಂಗಿ ತೊಯ್ದು ಬಿದ್ದಿತ್ತು. ಬಿಸಿನೀರಲ್ಲಿ ತಿರುಗಿಯೂ ಮಂಜುಗಡ್ಡೆಯಂತೆ ತಣ್ಣಗಿತ್ತು. ಅದರ ಮೂರನೇ ಗುಂಡಿಯನ್ನು ಕೆಂಪು ದಾರದಲ್ಲಿ ಹೊಲಿಯಲಾಗಿತ್ತು.

ಅವಳ ಮುಖ ಬಿಳಿಚಿಕೊಂಡಿತು. "ಈ ಗುಂಡಿ ನಾನೇ ಹಾಕಿದ್ದು. ನನ್ನ ತಮ್ಮ ಮನೆ ಬಿಟ್ಟು ಹೋದ ದಿನ ಇದನ್ನೇ ತೊಟ್ಟಿದ್ದ. ಅವನೆಲ್ಲಿ? ನಿಮಗೆ ಗೊತ್ತು, ಅಲ್ವಾ?"

"ನಿನ್ನಾಣೆ, ಗೊತ್ತಿಲ್ಲ ಕಣೇ!"

ಎರಡು ವರ್ಷದ ಹಿಂದೆ ಮೂಗಿನ ತುದಿಯ ಕೋಪದಲ್ಲಿ ಅವನನ್ನು ಹೊರಗೆ ದಬ್ಬಿದವನು ನಾನೇ. ಆಮೇಲಿನದು ನನಗೆ ತಿಳಿಯದು. ಅವಳು ನಂಬಲಿಲ್ಲ. ಅಂಗಿ ಒಣಹಾಕಲು ತಾರಸಿಗೆ ಹೊರಟುಹೋದಳು.

ತಾರಸಿಗಿರುವುದು ಒಂದೇ ಮೆಟ್ಟಿಲ ಸಾಲು. ಅದರ ಬುಡದಲ್ಲೇ ನಾನು ನಿಂತಿದ್ದೆ. ಅವಳು ಇಳಿದು ಬರಲಿಲ್ಲ. ಹತ್ತಿ ನೋಡಿದರೆ ಮೇಲೆ ಯಾರೂ ಇಲ್ಲ. ಎದುರಂಗಡಿಯವರೂ ಯಾರನ್ನೂ ಕಂಡಿಲ್ಲ.

ಇದಾಗಿ ಹನ್ನೊಂದು ದಿನ, ದಿನವೂ ಸುಡುವ ಬಿಸಿಲು. ತಂತಿಯ ಮೇಲಿನ ಅಂಗಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಲೇ ಇದೆ.