ಸೋತ ವರ್ಷದ ಹತ್ತು ಒಳ್ಳೆಯ ಅಂಶಗಳು

2025ರ ಮೇ 17, ಶನಿವಾರ, ಮಧ್ಯಾಹ್ನ 2 ಗಂಟೆ 40 ನಿಮಿಷ.

ವಿಡಿಯೊ ಕೋಣೆಯ ಹೊರಗೆ ಹೆಜ್ಜೆಯ ಸದ್ದು ಕೇಳಿಸಿತು. ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಆ ಸದ್ದು ಯಾರದೆಂದು ಅವಳಿಗೆ ಗೊತ್ತಿತ್ತು. ನಾಲ್ಕು ತಿಂಗಳಿಂದ ಈ ಬಾಗಿಲ ಮುಂದೆ ನಿಲ್ಲದೆ ಹಾದುಹೋಗುತ್ತಿದ್ದ ಹೆಜ್ಜೆ ಅದು.

ಇವತ್ತು ನಿಂತಿತು!

"ಒಳಗೆ ಬರಬಹುದಾ, ಲೆಕ್ಕದಮ್ಮ?"

ಮೊದಲೆಲ್ಲ ಅವನು ಆ ಅಡ್ಡಹೆಸರು ಹಿಡಿದು ಕರೆದರೆ ಅದರಲ್ಲೊಂದು ನಗು ಇರುತ್ತಿತ್ತು. ಈಗ ಇರಲಿಲ್ಲ.

"ನಿಮ್ಮದೇ ಕ್ಲಬ್ಬು. ಕೇಳೋದೇನಿದೆ?"

"ನಂದಾ? ಜೂನ್ ಮೂವತ್ತರ ತನಕ ಅಷ್ಟೆ. ಆಮೇಲೆ ಗೇಟಿನ ವಾಚ್‌ಮನ್ ಕೂಡ 'ಯಾರು ಬೇಕಿತ್ತು?' ಅಂತಾನೆ."

ಅವನು ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಊರೆಲ್ಲ ಅವನನ್ನು 'ಗೋಡೆ' ಎಂದೇ ಕರೆಯುತ್ತಿತ್ತು. ಅವಳು ಭೌತಶಾಸ್ತ್ರ ಓದಿ ಬಂದವಳು. ಆಟಗಾರರ ಓಟ, ಜಿಗಿತ, ಚುರುಕು ಎಲ್ಲವನ್ನೂ ವಿಡಿಯೊದಿಂದ ಅಳೆದು ಅಂಕಿ ಕೊಡುವುದು ಅವಳ ಕೆಲಸ.

ಹೋದ ವರ್ಷ ಈ ತಂಡ ಚಾಂಪಿಯನ್. ಆಗ ಪ್ರತಿ ಗುರುವಾರ ಅವನು ಎರಡು ಲೋಟ ಚಹಾ ಹಿಡಿದು ಇದೇ ಕೋಣೆಗೆ ಬರುತ್ತಿದ್ದ. ಎದುರಾಳಿಗಳ ಹೊಡೆತಗಳನ್ನು ಇಬ್ಬರೂ ಕೂತು ನೋಡುತ್ತಿದ್ದರು. "ನೀವು ಹೇಳಿದ ಕಡೆಗೆ ನಾನು ಕಣ್ಣು ಮುಚ್ಚಿ ಹಾರ್ತೀನಿ" ಅಂದಿದ್ದ ಒಮ್ಮೆ. ಅವತ್ತು ರಾತ್ರಿ ಅವಳಿಗೆ ನಿದ್ದೆಯೇ ಬಂದಿರಲಿಲ್ಲ.

ಈ ವರ್ಷ ಹದಿನೆಂಟು ತಂಡಗಳಲ್ಲಿ ಹದಿಮೂರನೇ ಸ್ಥಾನ.

ಜನವರಿಯಲ್ಲಿ ಅವಳು ಕೊಟ್ಟ ವರದಿಯ ಒಂದು ಅಂಕಿಗೆ ಕೋಚ್ ಕೆಂಪು ಸುತ್ತು ಹಾಕಿದ್ದರು. ಗೋಲ್‌ಕೀಪರ್ ಹೊಡೆತಕ್ಕೆ ಸ್ಪಂದಿಸುವ ಸಮಯ ಹೋದ ವರ್ಷ 0.25 ಸೆಕೆಂಡು, ಈ ವರ್ಷ 0.30. "ವಯಸ್ಸಾಯ್ತು" ಅಂದರು. ಉಳಿದ ಹದಿನೈದು ಪಂದ್ಯಗಳನ್ನು ಅವನು ಬೆಂಚಿನ ಮೇಲೆ ಕೂತು ನೋಡಿದ. ಬೇರೆ ಯಾವ ಕ್ಲಬ್ಬು ವಿಚಾರಿಸಿದರೂ ಆ ದಾಖಲೆಯೇ ಮೊದಲು ಅಲ್ಲಿಗೆ ಹೋಗುತ್ತಿತ್ತು. ವಿಚಾರಿಸಿದವರು ಮತ್ತೆ ಫೋನ್ ಮಾಡುತ್ತಿರಲಿಲ್ಲ.

ಅವನ ಹಿಂದೆಯೇ ಮ್ಯಾನೇಜರ್ ಒಳಗೆ ಬಂದರು.

"ಇಬ್ಬರೂ ಇದ್ದೀರಾ, ಒಳ್ಳೇದಾಯ್ತು. ಮುಂದಿನ ಭಾನುವಾರ ಅಭಿಮಾನಿಗಳ ಸಭೆ. ಈ ಸೀಸನ್ನಿನಲ್ಲಿ ಆದ ಒಳ್ಳೇದು ಏನು ಅಂತ ಹತ್ತು ಅಂಶ ಬೇಕು. ನೀನು ಹುಡುಕಮ್ಮ. ಇವನು ವೇದಿಕೆ ಮೇಲೆ ಓದ್ತಾನೆ. ಜನ ಇವನ ಮಾತು ಇನ್ನೂ ಕೇಳ್ತಾರೆ."

"ನಾನ್ಯಾಕೆ ಸಾರ್ ಓದ್ಬೇಕು?" ಅಂದ ಗೋಡೆ.

"ಬೇರೆ ಕಡೆ ಹೋಗೋಕೆ ಬಿಡುಗಡೆ ಪತ್ರ ಬೇಕಲ್ವೇನಪ್ಪಾ? ಸಭೆ ಮುಗಿದ ಮೇಲೆ ಸಹಿ ಹಾಕ್ತೀನಿ."

ಬಾಗಿಲು ಮುಚ್ಚಿತು.

ಪ್ರೇಕ್ಷಕರು ಕೂರುವ ಮೆಟ್ಟಿಲುಗಳ ಅಡಿಯಲ್ಲಿದ್ದ ಕೋಣೆ ಅದು. ಚಾವಣಿ ಓರೆಯಾಗಿ ಇಳಿದು ಹಿಂದಿನ ಗೋಡೆಯ ಹತ್ತಿರ ತಲೆಗೆ ತಾಗುತ್ತಿತ್ತು. ಕಿಟಕಿ ಇಲ್ಲ. ಮೇಲೆ ಕಸ ಗುಡಿಸುವವರು ನಡೆದರೆ ನೆತ್ತಿಯ ಮೇಲೇ ನಡೆದಂತೆ ಕೇಳಿಸುತ್ತಿತ್ತು. ಅವಳಿಗೆ ಮೂರು ವರ್ಷದ ಒಪ್ಪಂದ, ಇನ್ನೂ ಹದಿನಾಲ್ಕು ತಿಂಗಳು ಬಾಕಿ. 'ಇಲ್ಲಿನ ಅಂಕಿಗಳನ್ನು ಹೊರಗೆ ಹೇಳುವಂತಿಲ್ಲ' ಎಂಬ ಸಾಲಿನ ಕೆಳಗೆ ಅವಳ ಸಹಿ ಇತ್ತು.

ಮೂವತ್ತನಾಲ್ಕು ಪಂದ್ಯಗಳ ವಿಡಿಯೊ. ಎಷ್ಟು ಸಲ ಹಾಕಿ ನೋಡಿದರೂ ಅದೇ ತಪ್ಪು, ಅದೇ ಗೋಲು, ಅದೇ ಸೋಲು... ಹೊರಗೆ ಹೋಗಲು ದಾರಿಯೇ ಇಲ್ಲದಂಥ ವರ್ಷ!

"ಶುರು ಮಾಡಿ" ಎಂದು ಅವನು ಕುರ್ಚಿ ಎಳೆದುಕೊಂಡ. "ಒಂದು, ಮೈದಾನದ ಹುಲ್ಲು ಚೆನ್ನಾಗಿ ಬೆಳೆದಿದೆ."

ಅವಳಿಗೆ ನಗು ಬಂತು. ತಡೆದುಕೊಂಡಳು.

"ಎರಡು, ಬೇರೆ ಊರಿನ ಜನಕ್ಕೆ ತುಂಬಾ ಸಂತೋಷ ಕೊಟ್ಟಿದ್ದೀವಿ. ಬರ್ಕೊಳ್ಳಿ."

"ಅದನ್ನ ಓದಿದ್ರೆ ಚಪ್ಪಲಿ ಬೀಳುತ್ತೆ."

"ಹಿಡೀತೀನಿ ಬಿಡಿ. ನಿಧಾನ ಆಗಿರಬಹುದು, ಆದ್ರೆ ಚಪ್ಪಲಿ ಹಿಡಿಯೋಷ್ಟು ಚುರುಕು ಇನ್ನೂ ಇದೆ."

ಅವಳ ನಗು ಅಲ್ಲೇ ಸತ್ತಿತು.

ಆದರೂ ಕೆಲಸ ಸಾಗಿತು. ಎಡಗಡೆಯ ರಕ್ಷಣೆಗೆ ಬಂದ ಹೊಸಬ ತಿಂಗಳಿಂದ ತಿಂಗಳಿಗೆ ಸುಧಾರಿಸಿದ್ದ. ಕೊನೆಯ ಹತ್ತು ನಿಮಿಷದಲ್ಲಿ ತಂಡ ಗಳಿಸಿದ ಗೋಲು ಹೋದ ವರ್ಷಕ್ಕಿಂತ ಮೂರು ಜಾಸ್ತಿ. ಇಷ್ಟು ಸೋತರೂ ಮೈದಾನಕ್ಕೆ ಬರುವವರು ನೂರಕ್ಕೆ ನಾಲ್ವರಷ್ಟೇ ಕಡಿಮೆಯಾಗಿದ್ದರು. ಮಂಗಳವಾರಕ್ಕೆ ಏಳು ಅಂಶ. ಬುಧವಾರಕ್ಕೆ ಒಂಬತ್ತು.

ಬುಧವಾರ ಸಂಜೆ ಅವಳಿಗೆ ತಡೆಯಲಾಗಲಿಲ್ಲ.

"ನನ್ನ ಮೇಲೆ ಎಷ್ಟು ಕೋಪ ಇದೆ ನಿಮಗೆ? ಒಂದ್ಸಲ ಬೈದುಬಿಡಿ. ಈ ಮೌನ ಬೇಡ."

ಅವನು ಅಚ್ಚರಿಯಿಂದ ನೋಡಿದ.

"ಕೋಪಾನಾ? ಕೋಚ್ ಬರೀ ಬಾಯಲ್ಲಿ ಹೇಳಿದ್ರೆ ಜಗಳ ಆಡ್ತಿದ್ದೆ. ಆದ್ರೆ ಅಳೆದಿದ್ದು ನೀವು. ನಿಮ್ಮ ಅಂಕಿ ಸುಳ್ಳಾಗಲ್ಲ. ನಾನು ಮುಗೀತಾ ಇದ್ದೀನಿ ಅಂತ ಎಲ್ಲರಿಗಿಂತ ಮೊದಲು ನೋಡಿದ್ದು ನೀವು ಅಂತ..." ಅವನು ತನ್ನ ಅಂಗೈ ನೋಡಿಕೊಂಡ. "ನಾಚಿಕೆ ಆಯ್ತು. ಅದಕ್ಕೇ ಬರಲಿಲ್ಲ."

ಅಯ್ಯೋ... ನಾಲ್ಕು ತಿಂಗಳು ನಾನು ಏನೆಂದು ತಿಳಿದಿದ್ದೆ?!

"ದೊಡ್ಡ ರಸ್ತೇಲಿ ಕಾರು ಓಡಿಸೋದೂ ಬಿಟ್ಟಿದ್ದೀನಿ. ಬ್ರೇಕ್ ಹಾಕೋದು ತಡ ಆದ್ರೆ? ಜುಲೈನಿಂದ ಭಾವನ ಟೈರ್ ಅಂಗಡಿಗೆ ಹೋಗ್ತೀನಿ. ಟೈರು ಎಲ್ಲಿಗೂ ಹಾರಲ್ಲ, ನಾನೂ ಹಾರಬೇಕಿಲ್ಲ."

ಅವನು ನಕ್ಕ. ಅವಳಿಗೆ ಅಳು ಬಂತು.

ಗುರುವಾರ ಬೆಳಿಗ್ಗೆ ಅವಳು ಒಬ್ಬಳೇ ಹತ್ತನೇ ಅಂಶ ಹುಡುಕುತ್ತಿದ್ದಳು. ನವೆಂಬರ್ ತಿಂಗಳ ಅಭ್ಯಾಸದ ಒಂದು ತುಣುಕು ಸಿಕ್ಕಿತು. ಚೆಂಡು ಗೋಲಿನ ಅಡ್ಡಕಂಬಿಯ ಹಿಂದೆ ಬಲೆಯ ಹಗ್ಗಕ್ಕೆ ಸಿಕ್ಕಿಕೊಂಡಿದೆ. ಅವನು ಬಲೆ ಅಲುಗಿಸುತ್ತಾನೆ. ಚೆಂಡು ನೇರವಾಗಿ ನೆಲಕ್ಕೆ ಬೀಳುತ್ತದೆ. ಅವನು ಹೆದರಿದವನಂತೆ ನಟಿಸಿ ಓಡುತ್ತಾನೆ, ಎಲ್ಲರೂ ನಗುತ್ತಾರೆ.

ಆ ನಗು ನೋಡಲೆಂದೇ ಅವಳು ಮತ್ತೆ ಹಾಕಿದಳು. ಮತ್ತೊಮ್ಮೆ. ಆರನೇ ಸಲ ಅವಳ ಕಣ್ಣು ಪರದೆಯ ಮೂಲೆಯಲ್ಲಿದ್ದ ಸಮಯದ ಮೇಲೆ ಬಿತ್ತು.

ಚೆಂಡು ಬೀಳಲು ತೆಗೆದುಕೊಂಡದ್ದು 0.85 ಸೆಕೆಂಡು.

ಅವಳ ಬೆರಳು ನಿಂತಿತು. ಅಡ್ಡಕಂಬಿಯ ಎತ್ತರ ಅವಳಿಗೆ ಬಾಯಿಪಾಠ. ಅಷ್ಟು ಎತ್ತರದಿಂದ ಬೀಳುವ ಯಾವ ಚೆಂಡಿಗೂ 0.71 ಸೆಕೆಂಡು ಸಾಕು. ಈ ವರ್ಷ ನಮ್ಮ ತಂಡ ನಿಧಾನವಾಗಿರಬಹುದು... ಭೂಮಿಯ ಸೆಳೆತವೂ ನಿಧಾನವಾಯಿತೇ?!

ಚಾಂಪಿಯನ್ ಆದ ಖುಷಿಗೆ ಕ್ಲಬ್ಬು ಗೋಲಿನ ಹಿಂದೆ ಹೊಸ ಕ್ಯಾಮೆರಾ ಹಾಕಿಸಿತ್ತು. ಹಳೆಯದು ಸೆಕೆಂಡಿಗೆ ಐವತ್ತು ಚಿತ್ರ ತೆಗೆಯುತ್ತಿತ್ತು. ಹೊಸದು ಅರವತ್ತು. ಚಿತ್ರಗಳನ್ನು ಎಣಿಸಿ ಸಮಯ ಹೇಳುವ ಸಾಫ್ಟ್‌ವೇರಿನಲ್ಲಿ ಅವಳೇ ತುಂಬಿದ್ದ 'ಐವತ್ತು' ಹಾಗೇ ಕೂತಿತ್ತು! ಆ ಕ್ಯಾಮೆರಾ ಕಂಡದ್ದೆಲ್ಲ ಐದರಲ್ಲೊಂದು ಪಾಲು ನಿಧಾನವಾಗಿ ಲೆಕ್ಕಕ್ಕೆ ಬಂದಿತ್ತು. ಅದರಿಂದ ಅಳೆದ ಆಟಗಾರ ಒಬ್ಬನೇ.

ಅವಳು ಐವತ್ತನ್ನು ಅಳಿಸಿ ಅರವತ್ತು ಬರೆದಳು. 0.30 ಹೋಗಿ 0.25 ಬಂತು.

ಅವನು ಒಂದಿಷ್ಟೂ ನಿಧಾನವಾಗಿರಲಿಲ್ಲ. ಅವನನ್ನು ಮುಗಿಸಿದ್ದು ವಯಸ್ಸಲ್ಲ, ತನ್ನ ಬೆರಳು...

ಶುಕ್ರವಾರ ಮ್ಯಾನೇಜರ್ ಎಲ್ಲವನ್ನೂ ಕೇಳಿಸಿಕೊಂಡರು. ಎದ್ದು ಬಾಗಿಲು ಹಾಕಿ ಬಂದರು.

"ಯಾರಿಗೆ ಗೊತ್ತು ಇದು?"

"ನನಗೆ."

"ನಿಂಗೊಬ್ಬಳಿಗೆ ತಾನೆ? ಅಲ್ಲಿಗೆ ಮುಗೀತು. ಸಭೆ ಆಗಲಿ, ಅವನು ಹೋಗಲಿ. ಬಾಯಿ ಬಿಟ್ಟೆಯೋ, ನಿನ್ನ ಕೆಲಸ ಇರಲ್ಲ. ಸಹಿ ಹಾಕಿದ್ದೀಯ, ನೆನಪಿದೆಯಾ?"

ಸಂಜೆ ಮನೆಯಲ್ಲಿ ಅವಳು ಊಟದ ತಟ್ಟೆ ಮುಟ್ಟಲಿಲ್ಲ. ಅಕ್ಕ ಔಷಧಿ ಅಂಗಡಿಯಿಂದ ಬಂದವಳು ಇನ್ನೂ ಕೆಲಸದ ಕೋಟನ್ನೂ ಬಿಚ್ಚಿರಲಿಲ್ಲ. ಎಲ್ಲ ಕೇಳಿ ಅಂದಳು:

"ನಾನು ಯಾರಿಗೋ ತಪ್ಪು ಮಾತ್ರೆ ಕೊಟ್ಟೆ ಅಂತ ಗೊತ್ತಾದ್ರೆ ಏನ್ಮಾಡ್ತೀನಿ ಹೇಳು? ಬೀದಿಗೆ ಓಡಿ ಹೋಗಿ ಹಿಡೀತೀನಿ. ಅಂಗಡಿ ಮುಚ್ಚೋ ತನಕ ಕಾಯ್ತೀನಾ?"

"ಅವನು ನನ್ನ ಮುಖಾನೇ ನೋಡಲ್ಲ ಅಕ್ಕಾ ಆಮೇಲೆ..."

"ನೋಡದೇ ಇರಬಹುದು. ಮಾತ್ರೆ ಅಂತೂ ನುಂಗೋದು ನಿಲ್ಲಿಸ್ತಾನಲ್ಲೇ ಹುಚ್ಚಿ!"

ಶನಿವಾರ ಅವಳು ಪಟ್ಟಿಯನ್ನು ಅವನ ಕೈಗಿಟ್ಟಳು. ಹೇಳಲು ಬಾಯಿ ಬರಲಿಲ್ಲ, ಬರೆದಿದ್ದಳು. ಅವನು ವೇದಿಕೆಯ ಮೇಲಿದ್ದವನಂತೆ ಗಂಟಲು ಸರಿಮಾಡಿಕೊಂಡು ಒಂಬತ್ತನ್ನೂ ಜೋರಾಗಿ ಓದಿದ.

"ಹತ್ತು. ನಮ್ಮ ಗೋಲ್‌ಕೀಪರ್ ಸ್ವಲ್ಪವೂ ನಿಧಾನವಾಗಿಲ್ಲ. ಹೋದ ವರ್ಷ ಕಾಲು ಸೆಕೆಂಡು, ಈ ವರ್ಷವೂ ಕಾಲು ಸೆಕೆಂಡು. ತಪ್ಪಿದ್ದು ಅಳತೆ. ಅಳೆದವಳು..."

ಧ್ವನಿ ನಿಂತಿತು. ಅವನು ಮತ್ತೆ ಮನಸ್ಸಿನಲ್ಲೇ ಓದಿಕೊಂಡ.

"ಏನಿದು?"

ಅವಳು ಕ್ಯಾಮೆರಾದ ವಿಷಯ, ಮ್ಯಾನೇಜರ್ ಹಾಕಿದ ಬೆದರಿಕೆ ಎರಡನ್ನೂ ಹೇಳಿದಳು. ತಲೆ ಎತ್ತದೆ, ಒಂದನ್ನೂ ಮುಚ್ಚಿಡದೆ.

"ಹದಿನೈದು ಪಂದ್ಯ" ಅಂದ ಅವನು. "ಬೆಂಚಿನ ಮೇಲೆ ಹದಿನೈದು ಪಂದ್ಯ, ಲೆಕ್ಕದಮ್ಮ! ನನ್ನ ಕೈ ನನಗೇ ಬೇರೆಯವರದ್ದು ಅನ್ನಿಸ್ತಿತ್ತು ಗೊತ್ತಾ? ನಿಮ್ಮನ್ನ ನಂಬಿ ನನ್ನನ್ನೇ ನಂಬದೆ ಹೋದೆ!"

"ಕ್ಷಮಿಸಿ ಅಂತ ಕೇಳೋ ಯೋಗ್ಯತೆ..."

"ಬೇಡ. ಈಗ ಏನೂ ಮಾತಾಡಬೇಡಿ."

ಅವನು ಪಟ್ಟಿ ಮಡಚಿ ಜೇಬಿಗಿಟ್ಟು ಹೊರಟುಹೋದ. ಅವಳು ಓರೆ ಚಾವಣಿಯ ಕೆಳಗೆ ಕೂತೇ ಇದ್ದಳು. ಎದ್ದು ನಿಲ್ಲಲೂ ಅಲ್ಲಿ ಜಾಗ ಸಾಲದು ಅನ್ನಿಸಿತು.

ಭಾನುವಾರ ನಾಲ್ಕು ಗಂಟೆಗೆ ಸಭಾಂಗಣ ತುಂಬಿತ್ತು. ಅವಳು ಹಿಂದಿನ ಸಾಲಿನಲ್ಲಿ ಗೋಡೆಗೆ ಒತ್ತಿಕೊಂಡು ಕೂತಿದ್ದಳು. ವೇದಿಕೆಯ ಮೇಲೆ ಅವನು ಒಂದೊಂದೇ ಅಂಶ ಓದಿದ. ಜನ ಮೊದಲು ಗೊಣಗಿದರು, ಆಮೇಲೆ ನಕ್ಕರು, ಒಂಬತ್ತನೆಯದಕ್ಕೆ ಚಪ್ಪಾಳೆಯನ್ನೂ ತಟ್ಟಿದರು.

ಅವನು ಹತ್ತನೆಯದನ್ನು ನೋಡಿದ. ಮೊದಲ ಸಾಲಿನಲ್ಲಿದ್ದ ಮ್ಯಾನೇಜರ್ ಕಡೆ ನೋಡಿದ. ಕೊನೆಗೆ ಅವಳ ಕಡೆ.

"ಒಂಬತ್ತೇ" ಅಂದ. "ಹತ್ತನೆಯದು ಹುಡುಕಿದ್ವಿ, ಸಿಗಲಿಲ್ಲ."

ಅವನು ಕಾಗದ ಮಡಚಿದ.

ಅವಳಿಗೆ ಅರ್ಥವಾಯಿತು. ನನ್ನ ಕೆಲಸ ಉಳಿಸಲು ಅವನು ತನ್ನ ಹೆಸರನ್ನೇ ಬಿಟ್ಟುಕೊಡುತ್ತಿದ್ದಾನೆ! ಸುಮ್ಮನಿದ್ದರೆ ಇನ್ನೂ ಹದಿನಾಲ್ಕು ತಿಂಗಳು ಆ ಕೋಣೆ ಇರುತ್ತದೆ, ಸಂಬಳ ಇರುತ್ತದೆ. ಅವನು ಜೀವನವಿಡೀ ಟೈರಿನ ನಡುವೆ ತನ್ನ ಕೈಗಳನ್ನು ಅನುಮಾನಿಸುತ್ತ...

"ಹತ್ತನೆಯದು ಇದೆ!"

ಆರುನೂರು ತಲೆಗಳು ಹಿಂದೆ ತಿರುಗಿದವು. ಅವಳು ಎದ್ದು ನಿಂತಿದ್ದಳು.

"ನಿಮ್ಮ ಗೋಡೆ ನಿಧಾನ ಆಗಿಲ್ಲ. ಅವರ ದಾಖಲೆ ತಪ್ಪು. ಅದನ್ನ ಅಳೆದವಳು ನಾನು, ತಪ್ಪು ಮಾಡಿದವಳೂ ನಾನು."

ಕ್ಯಾಮೆರಾ, ಐವತ್ತು, ಅರವತ್ತು, ಬಲೆಯಿಂದ ಬಿದ್ದ ಚೆಂಡು. ಎಲ್ಲವನ್ನೂ ಹೇಳಿದಳು. ಆಮೇಲೆ ಮುದುಕರೊಬ್ಬರು ಎದ್ದು ಕೂಗಿದರು: "ಮ್ಯಾನೇಜರ್ರೇ, ಆ ದಾಖಲೆ ಇಲ್ಲೇ ತಿದ್ದಿ ಸಹಿ ಹಾಕಿ. ನಾವು ನೋಡ್ತೀವಿ!" ಆ ಕೂಗು ಹತ್ತಾಯಿತು, ನೂರಾಯಿತು.

ಮ್ಯಾನೇಜರ್ ವೇದಿಕೆ ಹತ್ತಿ ಸಹಿ ಹಾಕಿದರು. ಇಳಿದು ಹಿಂದಿನ ಸಾಲು ದಾಟಿ ಹೋಗುವಾಗ ಅವಳಿಗಷ್ಟೇ ಕೇಳುವಂತೆ, "ನಾಳೆ ಬಂದು ಕೀ ಕೊಟ್ಟು ಹೋಗು" ಅಂದರು.

"ಈಗಲೇ ತಗೊಳ್ಳಿ ಸಾರ್."

ಕೀ ಕೊಟ್ಟು ಹೊರಗೆ ಬಂದರೆ ಸಂಜೆಯ ಬಿಸಿಲು. ಎಷ್ಟೋ ದಿನದ ಮೇಲೆ ಅವಳು ಎದೆ ತುಂಬ ಉಸಿರೆಳೆದುಕೊಂಡಳು. ಕಾಲು ತಾನಾಗಿ ಮೈದಾನಕ್ಕೆ ಹೋಯಿತು. ಅವನು ಗೋಲಿನ ಕಂಬಕ್ಕೆ ಒರಗಿ ನಿಂತಿದ್ದ.

ಅವಳು ಇನ್ನೊಂದು ಕಂಬದ ಹತ್ತಿರವೇ ನಿಂತಳು. ಮುಂದೆ ಹೋಗಲು ಧೈರ್ಯ ಬರಲಿಲ್ಲ.

"ನಾನು ಮುಚ್ಚಿಡೋಕೆ ನೋಡಿದ್ದನ್ನ ಹೇಳಿಬಿಟ್ರಲ್ಲ" ಅಂದ ಅವನು.

"ನೀವ್ಯಾಕೆ ಮುಚ್ಚಿಟ್ರಿ?"

"ನನಗೆ ಗೊತ್ತಾಯ್ತಲ್ಲ, ಅಷ್ಟು ಸಾಕಿತ್ತು. ನಿಮ್ಮನ್ನ ಆರುನೂರು ಜನರ ಮುಂದೆ ನಿಲ್ಲಿಸೋಕೆ ಮನಸ್ಸಾಗಲಿಲ್ಲ."

ಅವಳ ಕಣ್ಣು ತುಂಬಿತು. ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಾನು ಪರದೆ ಮೇಲೆ ಏನೇನೋ ಅಳೆದೆ. ಎರಡು ವರ್ಷದಿಂದ ನಿಮ್ಮನ್ನ ನೋಡೋಕೆ ಒಂದೊಂದು ತುಣುಕನ್ನ ಹತ್ತು ಹತ್ತು ಸಲ ಹಾಕ್ತಿದ್ದೆ. ಕೆಲಸಕ್ಕೆ ಅಂತ ಸುಳ್ಳು ಹೇಳ್ಕೊಂಡು... ನಿಮ್ಮ ಮೇಲೆ ಪ್ರೀತಿ ಇದೆ ನನಗೆ. ಹೇಳೋ ಹಕ್ಕು ಈಗ ಇಲ್ಲ. ಆದ್ರೂ ಹೇಳ್ತಾ ಇದ್ದೀನಿ."

ಅವನು ಬಲೆಯ ಹಗ್ಗವೊಂದನ್ನು ಬೆರಳಿಗೆ ಸುತ್ತಿ ಬಿಚ್ಚಿದ.

"ನನ್ನ ಕೋಪ ಇನ್ನೂ ಹೋಗಿಲ್ಲ."

"ಗೊತ್ತು."

"ಸ್ವಲ್ಪ ದಿನ ಇರುತ್ತೆ."

"ಎಷ್ಟು ದಿನ?"

"ಅಳೆದು ಹೇಳಿ. ಅದೇ ತಾನೆ ನಿಮ್ಮ ಕೆಲಸ?"

"ಪಕ್ಕದಲ್ಲೇ ಇದ್ದು ಅಳೀಬೇಕಾಗುತ್ತೆ" ಅಂದಳು ಅವಳು ಮೆಲ್ಲಗೆ.

"ಅದಕ್ಕೇ ಹೇಳಿದ್ದು!"

ಅವನ ಮುಖದಲ್ಲಿ ನಗು ಹರಡಿತು. ಆದರೆ ಕಂಬ ಬಿಟ್ಟು ಒಂದು ಹೆಜ್ಜೆಯನ್ನೂ ಇಡಲಿಲ್ಲ.

"ತಪ್ಪು ನಿನ್ನದು. ಪೂರ್ತಿ ನೀನೇ ಬರಬೇಕು. ನಾನು ಅರ್ಧಕ್ಕೂ ಬರಲ್ಲ."

"ಬರ್ತೀನಿ."

ಅವಳು ಕಂಬ ಬಿಟ್ಟು ಗೋಲಿನ ಗೆರೆಯ ಮೇಲೆ ನಡೆಯತೊಡಗಿದಳು. ಪರದೆಯಲ್ಲಿ ಅಂಗೈಯಗಲ ಕಾಣುತ್ತಿದ್ದ ಜಾಗ ಅದು. ನಡೆದರೆ ಮುಗಿಯಲೇ ಇಲ್ಲ. ಇಷ್ಟನ್ನು ಒಬ್ಬನೇ ಕಾಯುತ್ತಿದ್ದನೇ? ಕೊನೆಯ ಹೆಜ್ಜೆಯಲ್ಲಿ ಅವನು ಎರಡೂ ಕೈ ಚಾಚಿದ, ಅವಳು ಆ ಕೈಗಳೊಳಗೆ ಮುಖ ಮುಚ್ಚಿಕೊಂಡಳು.

"ಎಷ್ಟು ದೂರ ನಡೆದೆ?" ಅವನು ಅವಳ ಕಿವಿಯ ಹತ್ತಿರ ಕೇಳಿದ.

"ಏಳು ಮೀಟರ್ ಮೂವತ್ತೆರಡು ಸೆಂಟಿಮೀಟರ್."