ಪಡುವಣ ಕಂಬದ ಜಾಗ

"ಏಳಿ ಅಲ್ಲಿಂದ! ಅದು ನಮ್ಮ ಜಾಗ!"

ತೆರೆತಿಯಾಳ ದನಿಗೆ ಇಡೀ ಸಭಾಮನೆ ತಿರುಗಿ ನೋಡಿತು. ಪಡುವಣ ಕಂಬದ ಬುಡದಲ್ಲಿ, ಅವಳ ಮನೆತನದವರಷ್ಟೇ ಕೂರುವ ಚಾಪೆಯ ಮೇಲೆ, ಫಿಜಿಯಿಂದ ಹೊಸದಾಗಿ ಬಂದ ರಾಯಭಾರಿ ಸೆರು ಹಾಯಾಗಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ!

"ಅಯ್ಯೋ, ಕ್ಷಮಿಸಿ... ಇಲ್ಲಿ ಗಾಳಿ ಚೆನ್ನಾಗಿತ್ತು."

"ಗಾಳಿ ಚೆನ್ನಾಗಿದೆ ಅಂತ ಕಂಡೋರ ಮನೆತನದೊಳಗೆ ನುಗ್ತೀರಾ? ಅತಿಥಿಗಳ ಜಾಗ ಆ ಕಡೆ!"

ಅವಳ ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. "ಬಿಡೇ, ಪಾಪ. ಅಲ್ಲಿ ಕೂರೋನು ಒಂದೋ ನಮ್ಮನೇಲಿ ಹುಟ್ಟಿರ್ಬೇಕು, ಇಲ್ಲಾ ಅಳಿಯ ಆಗ್ಬೇಕು. ಇವನಂತೂ ಹುಟ್ಟಿಲ್ಲ!"

ಸಭೆ ಗೊಳ್ಳೆಂದಿತು. ತೆರೆತಿಯಾಳ ಕಿವಿಗಳು ಕೆಂಪಾದವು. ಬಂದ ರಾಯಭಾರಿಗಳಿಗೆ ತಮ್ಮ ದ್ವೀಪದೇಶ ಕಿರಿಬಾಟಿಯ ರೀತಿನೀತಿ ಕಲಿಸುವುದೇ ಅವಳ ಸರ್ಕಾರಿ ಕೆಲಸ ಬೇರೆ!

ಸ್ವಲ್ಪ ದಿನಕ್ಕೇ ಮಹಾಮಾರಿ ಹಬ್ಬಿ ಗಡಿ ಮುಚ್ಚಿತು. ಹಡಗಿನ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಅವಳ ತಮ್ಮ ತಿಯಾನ್, ಬೇರೆ ನಾವಿಕರೊಂದಿಗೆ ಫಿಜಿಯಲ್ಲೇ ಸಿಕ್ಕಿಬಿದ್ದ.

ರಾಯಭಾರಿ ಕಚೇರಿ ಎಂದರೆ ಅರಮನೆ ಅಂದುಕೊಳ್ಳಬೇಡಿ. ಎರಡು ಕುರ್ಚಿ, ಕಿರುಗುಟ್ಟುವ ಒಂದು ಫ್ಯಾನು. ಅಲ್ಲಿಂದಲೇ ಸೆರು ದಿನಾ ಬೆಳಿಗ್ಗೆ ತನ್ನ ದೇಶಕ್ಕೆ ಫೋನ್ ಮಾಡಿ ನಾವಿಕರಿಗಾಗಿ ಅಂಗಲಾಚುತ್ತಿದ್ದ. ಆಮೇಲೆ, ಪಕ್ಕದ ಕುರ್ಚಿಯಲ್ಲಿ ಕಾಯುತ್ತಿದ್ದ ತೆರೆತಿಯಾಳಿಗೆ ಫೋನಿನಲ್ಲಿ ತಿಯಾನನ ದನಿಯನ್ನು ಕೇಳಿಸುತ್ತಿದ್ದ. ಅವಳು ಅತ್ತರೆ, ಹರಕುಮುರುಕು ಕಿರಿಬಾಟಿ ಭಾಷೆಯಲ್ಲಿ ಮಾತಾಡಿ ನಗಿಸುತ್ತಿದ್ದ. ಮನಸ್ಸು ಯಾವಾಗ ಜಾರಿತೋ ಅವಳಿಗೇ ತಿಳಿಯಲಿಲ್ಲ.

ಒಂದು ದಿನ ಸುದ್ದಿ ಬಂತು. ಫಿಜಿಗೆ ವಿಶೇಷ ವಿಮಾನ ಹೊರಟಿದೆ, ಸೆರು ತಾನಾಗಿ ಕೇಳಿ ಸೀಟು ಪಡೆದಿದ್ದಾನೆ!

'ತಪ್ಪಿಸ್ಕೊಂಡು ಹೋಗ್ತಿದ್ದಾನೆ... ನಂಗೊಂದು ಮಾತೂ ಹೇಳದೆ!'

ವಿಮಾನ ನಿಲ್ದಾಣದ ಬೇಲಿಯ ಬಳಿ ಅವಳು ಅವನ ಮುಖ ನೋಡಲಿಲ್ಲ.

"ತೆರೆತಿಯಾ, ನಾನು ವಾಪಸ್ ಬರ್ತೀನಿ..."

"ಹೋಗೋ ರಾಯಭಾರಿಗಳೆಲ್ಲ ಹೀಗೇ ಹೇಳೋದು!"

ಅವನು ಚೀಲ ಹೆಗಲಿಗೇರಿಸಿಕೊಂಡು ವಿಮಾನದತ್ತ ನಡೆದ. ಅವಳು ಮನೆಗೆ ಬಂದು ಬಿಕ್ಕಿಬಿಕ್ಕಿ ಅತ್ತಳು.

ಮಳೆಗಾಲಕ್ಕೆ ಮುಂಚೆ ಮತ್ತೊಂದು ವಿಮಾನ ಇಳಿಯಿತು. ಯಾರು ಬಂದರೆಂದು ನೋಡಹೋದ ಅವಳನ್ನು ಕ್ವಾರಂಟೈನ್ ಬೇಲಿಯಾಚೆಯಿಂದ ಪರಿಚಿತ ದನಿಯೊಂದು ಕೂಗಿತು.

"ಅಕ್ಕಾ!"

"ತಿಯಾನ್! ಹೇಗೆ ಬಂದ್ಯೋ?"

"ನಿನ್ನ ರಾಯಭಾರಿ ಕರ್ಕೊಂಡು ಬಂದ! ಜವಾಬ್ದಾರಿ ಹೊತ್ತು ಜೊತೇಲಿ ಬರೋರಿಲ್ದೆ ವಿಮಾನ ಬಿಡಲ್ಲ ಅಂದ್ರಂತೆ. ಅದಕ್ಕೇ ಅವನು ಫಿಜಿಗೆ ಬಂದಿದ್ದು. ಕೆಲಸ ಆಗೋ ಮುಂಚೆ ನಿಂಗೆ ಆಸೆ ಹುಟ್ಟಿಸ್ಬಾರ್ದು ಅಂತ ಬಾಯಿ ಬಿಟ್ಟಿರ್ಲಿಲ್ಲ. ಈಗ ಪಕ್ಕದ ಕೋಣೇಲಿ ಅವನೂ ಬಂದಿ!"

ತೆರೆತಿಯಾಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. 'ಎಂಥಾ ಮಾತು ಆಡ್ಬಿಟ್ಟೆ ನಾನು...!'

ಬಿಡುಗಡೆಯ ದಿನ ಸಭಾಮನೆಯಲ್ಲಿ ಔತಣ. ಸುಟ್ಟ ಮೀನು, ದೀವಿಹಲಸಿನ ಹೋಳು, ತೆಂಗಿನ ಪಾನಕದ ಘಮ. ಸೆರು ಒಳಬಂದವನೇ ತಲೆ ತಗ್ಗಿಸಿಕೊಂಡು ಅತಿಥಿಗಳ ಕಡೆ ನಡೆದ.

"ಏನ್ರೀ, ಜಾಗ ತಪ್ಪಿದ್ರಿ!"

ಅದೇ ದನಿ. ಆದರೆ ಈ ಸಲ ಅದರಲ್ಲಿ ಸಿಟ್ಟಿರಲಿಲ್ಲ.

"ಈ ಕಡೆ ಕೂರ್ಬೇಕು ಅಂತ ಕಲ್ಸಿದ್ದು ನೀವೇ ಅಲ್ವಾ?"

"ಅದು ಅತಿಥಿಗಳಿಗೆ."

ಅವಳು ಸರಿದು, ತನ್ನ ಪಕ್ಕದ ಚಾಪೆಯನ್ನು ಮೆಲ್ಲಗೆ ತಟ್ಟಿದಳು.

"ಅಲ್ಲಿ ಕೂತ್ರೆ ಏನರ್ಥ ಅಂತ ಈಗ ನಂಗೆ ಗೊತ್ತು, ತೆರೆತಿಯಾ."

"ಗೊತ್ತಿದ್ದೂ ನಿಂತೇ ಇದ್ದೀರಲ್ಲ!"

ಸೆರು ಬಂದು ಕುಳಿತ. ಅಜ್ಜಿ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಳು.

"ಹೇಗಿದೆ ಇಲ್ಲಿ ಗಾಳಿ?" ತೆರೆತಿಯಾ ಕಣ್ಣೊರೆಸಿಕೊಳ್ಳುತ್ತಾ ಕೇಳಿದಳು.

ಅವನು ಅವಳ ಕೈ ಹಿಡಿದ. "ಈ ಸಲ ಗಾಳಿಗೋಸ್ಕರ ಬಂದಿಲ್ಲ."